ಏಳನೇ ಹೊಂಚು ಯಾರಿಗೆ?

2005ನೇ ಇಸವಿ ಸೆಪ್ಟೆಂಬರ್ 17, ಶನಿವಾರ. ಶರತ್ಕಾಲ ಕಾಲಿಟ್ಟಾಗಿತ್ತು. ಹಿಂದಿನ ರಾತ್ರಿ ಹೆಪ್ಪುಗಟ್ಟಿದ ಮೊದಲ ಇಬ್ಬನಿಯಿಂದ ಹುಲ್ಲು ಬೆಳ್ಳಗಾಗಿತ್ತು, ಗಾಳಿ ಉಸಿರು ಬಿಗಿಹಿಡಿದಿತ್ತು, ಜೌಗಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಲೋಂಗ್‌ಮಿರಾ ಊರಿನಲ್ಲಿ ಕೆಲವರು ಈ ಪ್ರಸಂಗ ನಡೆದದ್ದು ಹದಿನೆಂಟರಂದು ಎಂದು ಇಂದಿಗೂ ಸಾಧಿಸುತ್ತಾರೆ. ಅದು ಆಗದ ಮಾತು. ಹದಿನೆಂಟು ಭಾನುವಾರ, ಚರ್ಚಿನ ಆಡಳಿತ ಮಂಡಳಿಯ ಚುನಾವಣೆ. ಬೇಟೆ ತಂಡದ ಮುಖಂಡ ಸಿಕ್ಸ್ಟೆನ್ ಅಂದು ದಿನವಿಡೀ ಮತಪೆಟ್ಟಿಗೆಯ ಹಿಂದೆ ಕುಳಿತಿದ್ದ. ಅವನಿಲ್ಲದೆ ಲೋಂಗ್‌ಮಿರಾದ ಕಾಡಿನಲ್ಲಿ ಒಂದು ಮೊಲವೂ ಬೀಳುವುದಿಲ್ಲ. ಆದ್ದರಿಂದ ಹದಿನೇಳೇ ಸರಿ.

ಗೊಂದಲಕ್ಕೆ ಕಾರಣವೂ ಉಂಟು. ಹದಿನೆಂಟು ಎಂಬುದು ಹಿಂದಿನ ವರ್ಷದ ಅವಮಾನದ ತಾರೀಖು. 2004ರ ಸೆಪ್ಟೆಂಬರ್ 18ರಂದು ತಂಡದ ಹಿರಿಯಳಾದ ಟೆಕ್ಲಾಜ್ಜಿ ತನ್ನ ಏಳನೇ ಹೊಂಚಿನಲ್ಲಿ, ಅಂದರೆ ಜೌಗಿನಂಚಿನಲ್ಲಿ ಅವಳು ಕೋವಿ ಹಿಡಿದು ಕಾಯುವ ಜಾಗದಲ್ಲಿ, ಕುಳಿತಲ್ಲೇ ನಿದ್ದೆಹೋದಳು. ಎಲ್ಕ್ ಎಂದರೆ ಕುದುರೆಗಿಂತ ಎತ್ತರದ ಜಿಂಕೆ. ಅಂಥ ಮೂರು ಎಲ್ಕ್‌ಗಳು, ಒಂದು ತಾಯಿ ಮತ್ತು ಎರಡು ಮರಿ, ಅವಳ ಮುಕ್ಕಾಲಿಯ ಸುತ್ತ ಪ್ರದಕ್ಷಿಣೆ ಹಾಕಿಕೊಂಡು ಹೋಗಿದ್ದವು. ಸಂಜೆ ತಂಡದವರು ಬಂದು ನೋಡಿದರೆ ಕೆಸರಿನಲ್ಲಿ ಹೆಜ್ಜೆಗಳೇ ಹೆಜ್ಜೆಗಳು. ಒಂದು ಮರಿ ಅವಳ ಬುತ್ತಿಚೀಲಕ್ಕೂ ಮೂತಿ ಹಾಕಿತ್ತು. ರೊಟ್ಟಿಯ ಮೇಲೆ ಜೊಲ್ಲು ಇನ್ನೂ ಆರಿರಲಿಲ್ಲ.

"ಚಿಕ್ಕಮ್ಮ, ಇದು ಬೇಟೆಯಲ್ಲ, ಬೀಗರೂಟ" ಎಂದಿದ್ದ ಸಿಕ್ಸ್ಟೆನ್. ಅವನು ಟೆಕ್ಲಾಳ ಅಕ್ಕನ ಮಗ. ಅವಳ ಅಡುಗೆಮನೆಯ ಬೆಂಚಿನ ಮೇಲೆ ಬೆಳೆದವನು. ಈಗ ಅರವತ್ತು ದಾಟಿದ್ದರೂ ಅವಳ ಮುಂದೆ ಟೋಪಿ ತೆಗೆದೇ ಮಾತಾಡುತ್ತಿದ್ದ. ಆದರೆ ನಿಯಮದ ವಿಷಯದಲ್ಲಿ ಅವನು ಕಗ್ಗಲ್ಲು. 2005ರ ಆಗಸ್ಟ್ 14ರ ಸಭೆಯಲ್ಲಿ ತಂಡ ಕೈಯೆತ್ತಿ ತೀರ್ಮಾನಿಸಿತು: ಏಳನೇ ಹೊಂಚಿನಲ್ಲಿ ಈ ವರ್ಷವೂ ನಿದ್ದೆ ಕಂಡುಬಂದರೆ ಆ ಜಾಗ ಬೇರೆಯವರಿಗೆ, ಟೆಕ್ಲಾ ಕೋವಿಯನ್ನು ಗೂಟಕ್ಕೆ ತೂಗುಹಾಕಿ ಬೇಟೆ ಪಾಲು ಹಾಕುವ ಕೊಟ್ಟಿಗೆಯಲ್ಲಿ ಕಾಫಿ ಕಾಯಿಸತಕ್ಕದ್ದು. ಎಲ್ಲರಿಗಿಂತ ಎತ್ತರಕ್ಕೆ ಕೈಯೆತ್ತಿದವನು ಹಾಲ್ವರ್. ಗರಗಸದ ಕಾರ್ಖಾನೆಯ ಈ ಹಾಲ್ವರನಿಗೆ ಆ ಜಾಗದ ಮೇಲೆ ಬಹಳ ದಿನದಿಂದ ಕಣ್ಣು.

ಆ ಜಾಗವೆಂದರೆ ಟೆಕ್ಲಾಳಿಗೆ ಬರೀ ಮುಕ್ಕಾಲಿ ಇಡುವ ಜಾಗವಲ್ಲ. ಅವಳು ಹುಟ್ಟಿದ್ದು 1919ರ ಸೆಪ್ಟೆಂಬರ್ 23ರಂದು. ಪಂಚಾಂಗದಲ್ಲಿ ಅದು ಟೆಕ್ಲಾ ಹೆಸರಿನವರ ದಿನವಾದ್ದರಿಂದ ಹೆತ್ತವರು ಹೆಸರಿಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1943ರ ಶರತ್ಕಾಲದಲ್ಲಿ ಊರಿನ ಗಂಡಸರೆಲ್ಲ ಗಡಿ ಕಾಯಲು ಹೋದಾಗ ಅವಳು ಅಪ್ಪನ ಕೋವಿ ಹೊತ್ತು ಏಳನೇ ಹೊಂಚಿನಲ್ಲಿ ಕುಳಿತಳು. ಗಂಡಸರು ವಾಪಸು ಬಂದರೂ ಎದ್ದೇಳಲಿಲ್ಲ. ಎಲೋಫ್ ಎಂಬ ಮರ ಕಡಿಯುವ ತರುಣ ಅವಳನ್ನು ಮದುವೆಗೆ ಕೇಳಿದ್ದೂ ಅಲ್ಲಿಯೇ, 1946ರ ಅಕ್ಟೋಬರ್ 12ರಂದು. ಅವಳು ಮೊದಲು "ಶ್!" ಎಂದಳು; ಆಮೇಲೆ ಒಂದು ಈಡು ಹೊಡೆದಳು; ಎಲ್ಕ್ ಬಿದ್ದದ್ದು ಖಚಿತವಾದ ಮೇಲೆ ತಿರುಗಿ "ಆಗ್ಲಿ" ಎಂದಳು. ಎಲೋಫ್ ತೀರಿಕೊಂಡದ್ದು 1988ರಲ್ಲಿ. ಆ ಜಾಗವೂ ಕೈಬಿಟ್ಟರೆ ತನಗೆ ಮಾತಾಡಲು ಯಾರೂ ಉಳಿಯುವುದಿಲ್ಲ ಎಂದು ಅವಳು ಒಮ್ಮೆ, ಒಮ್ಮೆ ಮಾತ್ರ, ಮೊಮ್ಮಗಳ ಬಳಿ ಹೇಳಿದ್ದಳು.

ಆ ಮೊಮ್ಮಗಳೇ ಇಲ್ವಾ. ಟೆಕ್ಲಾಳ ಮಗಳ ಮಗಳು, ಇಪ್ಪತ್ತೇಳರ ಹುಡುಗಿ, ಓಸ್ಟರ್ಸುಂಡ್ ಪಟ್ಟಣದ ಬೇಕರಿಯಲ್ಲಿ ಕೆಲಸ. ಅಜ್ಜಿಯನ್ನು ಎಚ್ಚರವಾಗಿಡುವ ಹೊಣೆಯನ್ನು ತಂಡ ಅವಳಿಗೆ ವಹಿಸಿತ್ತು. ಅವಳಿಗೆ ಕೋವಿಯಿಲ್ಲ, ಪರವಾನಗಿಯಿಲ್ಲ. ಕಣ್ಣು ಬಿಟ್ಟುಕೊಂಡು ಕೂರುವುದೊಂದೇ ಕೆಲಸ. ಅಂಥ ಕೆಲಸಕ್ಕೆ ಅವಳು ರಾತ್ರಿಯಿಡೀ ಒಲೆಯ ಮುಂದೆ ನಿಂತು, ನೇರವಾಗಿ ಕಾರು ಹತ್ತಿ ಬಂದದ್ದು ಮೊದಲ ಅವಿವೇಕ.

ಗೇಟಿನ ಬಳಿ ಟೆಕ್ಲಾಜ್ಜಿ ಕೋವಿ, ಕೋಲು, ಮುಕ್ಕಾಲಿ ಸಮೇತ ಸಿದ್ಧವಾಗಿ ನಿಂತಿದ್ದಳು.

"ಬಂದ್ಯಾ? ಎಲ್ಕ್‌ಗಳು ಇಷ್ಟೊತ್ತಿಗೆ ಎದ್ದು ಹಲ್ಲುಜ್ಜಿ ಊರು ಬಿಟ್ಟಿರ್ತವೆ."

"ಅಜ್ಜಿ, ರಾತ್ರಿಯೆಲ್ಲಾ ಬನ್ನು ಸುಟ್ಟಿದೀನಿ. ಕಣ್ಣಲ್ಲೆಲ್ಲಾ ಮೈದಾಹಿಟ್ಟು."

"ಹಿಟ್ಟಿದ್ರೆ ಇರ್ಲಿ, ನಿದ್ದೆ ಇರಬಾರ್ದು. ಎಲ್ಲಿ, ಒಂದು ಬನ್ನು ಕೊಡು. ಚಕ್ಕೆ ಜಾಸ್ತಿ ಹಾಕಿದೀಯಾ? ಹಾಕಿರಲ್ಲ, ನಿಮ್ಮ ಮಾಲೀಕ ಜಿಪುಣ."

ಊರ ಕೊಟ್ಟಿಗೆಯ ಮುಂದೆ ತಂಡ ಸೇರಿತ್ತು. ಬೇಟೆಗೆ ಹೊರಟವನಿಗೆ ಮುದುಕಿ ಎದುರಾದರೆ ಅಪಶಕುನ, ಮೂರು ಸಲ ಉಗಿಯಬೇಕು ಎನ್ನುವುದು ಆ ಸೀಮೆಯ ನಂಬಿಕೆ. ಹಾಲ್ವರ್ ಟೆಕ್ಲಾಳನ್ನು ಕಂಡೊಡನೆ ಎಡಕ್ಕೆ ತಿರುಗಿ ಜೋರಾಗಿ ಮೂರು ಸಲ ತೂ ತೂ ಎಂದ.

"ಉಗಿಯಪ್ಪಾ ಉಗಿ" ಎಂದಳು ಟೆಕ್ಲಾ. "ನಂಗೆ ದಿನಾ ಬೆಳಿಗ್ಗೆ ನಾನೇ ಎದುರಾಗ್ತೀನಿ. ಕನ್ನಡಿಗೆ ಉಗಿದು, ಒರೆಸಿ, ಬಂದಿದೀನಿ."

ತಂಡದಲ್ಲಿ ಯಾರೂ ಯಾರಿಗೂ ಶುಭವಾಗಲಿ ಎನ್ನುವಂತಿಲ್ಲ. ಅಂದರೆ ಬೇಟೆ ಕೆಟ್ಟಿತು. ಅದರ ಬದಲು ಕುಂಡಿಗೊಂದು ಒದೆ ಕೊಡುವುದು ವಾಡಿಕೆ, ಅದನ್ನು ಕೊಡುವ ಹಕ್ಕು ಹಿರಿಯರದು. ಟೆಕ್ಲಾಳ ಸೊಂಟ ಈಗ ಕಾಲೆತ್ತಲು ಬಿಡುತ್ತಿರಲಿಲ್ಲವಾದ್ದರಿಂದ ಅವಳು ಕೋಲನ್ನೇ ಬಳಸುತ್ತಿದ್ದಳು. ದೊಡ್ಡ ದೊಡ್ಡ ಗಂಡಸರು ಶಾಲೆಯ ಮಕ್ಕಳಂತೆ ಸಾಲಾಗಿ ಬೆನ್ನು ತಿರುಗಿಸಿ ನಿಂತರು. ಚಟ್, ಚಟ್, ಚಟ್. ಮುಖಂಡ ಸಿಕ್ಸ್ಟೆನ್ ಕೂಡ ಗಂಭೀರವಾಗಿ ಬಗ್ಗಿ ತನ್ನ ಪಾಲು ಪಡೆದ. ಹಾಲ್ವರನ ಸರದಿ ಬಂದಾಗ ಕೋಲಿನ ಸದ್ದು ಕೊಂಚ ಹೆಚ್ಚಾಗಿಯೇ ಕೇಳಿಸಿತು.

"ಅಯ್ಯಯ್ಯೋ! ಇದು ಶುಭಕ್ಕೋ ಸೇಡಿಗೋ?"

"ಎರಡಕ್ಕೂ. ಒಂದೇ ಖರ್ಚಲ್ಲಿ."

ಏಳನೇ ಹೊಂಚು ತಲುಪಿದಾಗ ಬೆಳಕು ಹರಿಯುತ್ತಿತ್ತು. ಮುಂದೆ ಜೌಗು, ಅದರಾಚೆ ಸ್ಪ್ರೂಸ್ ಮರಗಳ ಕಪ್ಪು ಗೋಡೆ. ಟೆಕ್ಲಾ ಮುಕ್ಕಾಲಿಯ ಮೇಲೆ ಕುಳಿತು ಕೋವಿಗೆ ಗುಂಡು ತುಂಬಿದಳು. ಆಮೇಲೆ ಜೇಬಿನಿಂದ ತನ್ನ ಹಿತ್ತಾಳೆಯ ಹೊಗೆಸೊಪ್ಪಿನ ಡಬ್ಬಿಯನ್ನು ತೆಗೆದು, ಒಂದು ಚಿಟಿಕೆ ಮೇಲ್ದುಟಿಯ ಸಂದಿಗಿಟ್ಟುಕೊಂಡು, ಡಬ್ಬಿಯನ್ನು ಇಲ್ವಾಳ ಕೈಗೆ ಕೊಟ್ಟಳು. ಆ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎರಡು ಸಲ ತಟ್ಟಿದರೆ ಊರಿಗೆಲ್ಲ ಅರ್ಥವಾಗುತ್ತಿತ್ತು: ಟೆಕ್ಲಾ ಮಾತಾಡುವವಳಿದ್ದಾಳೆ, ಮಿಕ್ಕವರು ಬಾಯಿ ಮುಚ್ಚಿ. ಅವಳ ಅಡುಗೆಮನೆಯಲ್ಲಿ ಉಂಡು ಬೆಳೆದ ಮಕ್ಕಳೆಲ್ಲ ಆ ಸದ್ದಿಗೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

"ನಾನು ತೂಕಡಿಸಿದ್ರೆ ಎರಡು ಸಲ ತಟ್ಟು. ಆ ಸದ್ದಿಗೆ ಗೋರಿಯಿಂದ ಬೇಕಾದ್ರೂ ಎದ್ದು ಬರ್ತೀನಿ."

ಇಲ್ವಾ ಡಬ್ಬಿಯನ್ನು ಒಂದು ಕೈಯಲ್ಲಿ, ತಂಡದ ವಾಕಿಟಾಕಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬರ್ಚ್ ಮರದ ಬೊಡ್ಡೆಗೆ ಒರಗಿ ಕುಳಿತಳು. ಎಲ್ಕ್ ಎಬ್ಬಿಸುವ ನಾಯಿ ಟುಸ್ಸಾಳನ್ನು ಬಿಟ್ಟಾಯಿತು ಎಂದು ಸಿಕ್ಸ್ಟೆನ್‌ನ ದನಿ ಬಂತು. ಆಮೇಲೆ ಮೌನ. ಆ ಮೌನದಲ್ಲಿ ಇಲ್ವಾಳಿಗೆ ಸಿಕ್ಸ್ಟೆನ್ ಬಗ್ಗಿ ನಿಂತ ಭಂಗಿ ನೆನಪಾಯಿತು. ಅವಳು ಮೂಗಿನಲ್ಲಿ ನಕ್ಕಳು.

"ಶ್!"

"ಅಜ್ಜಿ, ಅವ್ನು ಬಗ್ಗಿದಾಗ ಟೋಪಿ ತೆಗೆದಿದ್ದ, ನೋಡಿದ್ಯಾ?"

ಟೆಕ್ಲಾಳ ಭುಜ ಕುಲುಕತೊಡಗಿತು. ಎಂಬತ್ತೈದು ದಾಟಿದ ಮುದುಕಿ ಬಾಯಿಗೆ ಕೈಗವಸು ತುರುಕಿಕೊಂಡಳು. ಮೊಮ್ಮಗಳು ಶಾಲು ಕಚ್ಚಿದಳು. ಒಬ್ಬಳು ಸುಮ್ಮನಾದರೆ ಇನ್ನೊಬ್ಬಳಿಗೆ ಶುರು. ಕೊನೆಗೆ ಟೆಕ್ಲಾ ಕಣ್ಣೊರೆಸಿಕೊಂಡು, "ಸಾಕು, ಎಲ್ಕ್ ಏನಂದ್ಕೊಳುತ್ತೆ" ಎಂದು ಪಿಸುಗುಟ್ಟಿದ್ದೇ ತಡ, ಮತ್ತೆ ಇಬ್ಬರಿಗೂ ಬಿಕ್ಕಳಿಕೆಯಂಥ ನಗೆ.

ನಕ್ಕು ಸುಸ್ತಾದ ಮೈಗೆ ಬಿಸಿಲು ಬಿತ್ತು. ಮಂಜು ಕರಗಿತು. ಅಜ್ಜಿಯ ಬೆನ್ನು ಕಂಬದಂತೆ ನೆಟ್ಟಗಿತ್ತು. ಇಲ್ವಾ ಕಣ್ಣಿಗೆ ಒಂದು ಗಳಿಗೆ ವಿಶ್ರಾಂತಿ ಕೊಡೋಣವೆಂದುಕೊಂಡಳು. ಎಲ್ಕಿನಷ್ಟು ದೊಡ್ಡ ಹಿಟ್ಟಿನ ಮುದ್ದೆಯನ್ನು ತಾನು ನಾದುತ್ತಿರುವಂತೆಯೂ, ಅದು ಎದ್ದು ನಾಲ್ಕು ಕಾಲಿನ ಮೇಲೆ ನಡೆಯುತ್ತಿರುವಂತೆಯೂ, ಹಾಲ್ವರ್ ಅದಕ್ಕೆ ಉಗಿಯುತ್ತಿರುವಂತೆಯೂ ಅವಳಿಗೆ ಕಂಡಿತು.

ಢಂ!

ಇಲ್ವಾ ಪಕ್ಕಕ್ಕೆ ಉರುಳಿ ಜೌಗಿನೊಳಗೆ ಬಿದ್ದಳು. ವಾಕಿಟಾಕಿ ಪಾಚಿಯ ಮೇಲೆ ಬಿತ್ತು. ಹಿತ್ತಾಳೆಯ ಡಬ್ಬಿ ಬಿಸಿಲಿನಲ್ಲಿ ಒಮ್ಮೆ ಮಿಂಚಿ, ಕಪ್ಪು ನೀರಿನಲ್ಲಿ ಗುಳುಂ ಎಂದಿತು.

"ಎದ್ಯಾ?" ಎಂದಳು ಟೆಕ್ಲಾ, ತಿರುಗದೆ. "ಎದುರುಗಡೆ ನೋಡು."

ಜೌಗಿನಾಚೆ ಅಗಲ ಕೊಂಬಿನ ಗಂಡು ಎಲ್ಕ್ ಮಲಗಿತ್ತು. ಒಂದೇ ಈಡು.

ಇಲ್ವಾ ಮೊಣಕೈಯವರೆಗೆ ಕೆಸರಿಗೆ ಕೈ ಹಾಕಿ ಡಬ್ಬಿಗಾಗಿ ಹುಡುಕಿದಳು. ಸಿಕ್ಕಿದ್ದು ಬೇರು, ಪಾಚಿ, ಮತ್ತೆ ಬೇರು. ಅಷ್ಟರಲ್ಲಿ ಸಿಕ್ಸ್ಟೆನ್ ಮತ್ತು ಹಾಲ್ವರ್ ಓಡಿ ಬಂದರು. ಹಾಲ್ವರನ ಮುಖ ನಗೆಯಿಂದ ಕೆಂಪಾಗಿತ್ತು, ಸಿಕ್ಸ್ಟೆನ್‌ನದು ಸಿಟ್ಟಿನಿಂದ.

"ಚಿಕ್ಕಮ್ಮ! ನಿದ್ದೆ ಮಾಡ್ಬೇಡ ಅಂತ ಅಷ್ಟು ಹೇಳಿದ್ದೆ. ಇಡೀ ತಂಡ ಕೇಳಿಸ್ಕೊಂಡಿದೆ ನಿನ್ನ ಗೊರಕೆ!"

"ಎಲ್ಲಿ ಕೇಳಿಸ್ಕೊಂಡ್ರಿ?"

"ವಾಕಿಟಾಕೀಲಿ! ಗುಂಡಿ ಒತ್ಕೊಂಡೇ ನಿದ್ದೆ ಹೋಗಿದೀಯ. ನಾನು ಕೂಗಿದ್ದೂ ನಿಂಗೆ ಕೇಳಿಲ್ಲ. ಕಾಡಿನಲ್ಲೆಲ್ಲಾ ಬರೀ ಗರ್ ಗರ್ ಗರ್. ಟುಸ್ಸಾ ಕೂಡ ನಿಂತು ಕಿವಿ ಓರೆ ಮಾಡ್ಕೊಂಡು ಕೇಳ್ತಿದ್ಳು."

ಟೆಕ್ಲಾ ಕೋವಿಯ ಖಾಲಿ ತೋಟೆಯನ್ನು ನಿಧಾನವಾಗಿ ಹೊರತೆಗೆದಳು.

"ಗೊರಕೆ ಯಾವಾಗ ನಿಲ್ತು, ಸಿಕ್ಸ್ಟೆನ್?"

"ಯಾವಾಗ ಅಂದ್ರೆ... ಈಡು ಬಿದ್ದಾಗ."

"ಹಾಗಾದ್ರೆ ನಾನು ಗೊರಕೆ ಹೊಡೀತಾನೇ ಗುರಿ ಇಟ್ಟು ಹೊಡೆದೆ ಅಂತೀಯಾ? ಅಷ್ಟು ಬುದ್ಧಿವಂತೆ ಅಂತ ಗೊತ್ತಿದ್ರೆ ಹಿಂದಿನ ವರ್ಷಾನೇ ಮೂರೂ ಹೊಡೀತಿದ್ದೆ."

ಮೂರು ಜೊತೆ ಕಣ್ಣುಗಳು ಇಲ್ವಾಳ ಕಡೆ ತಿರುಗಿದವು. ಅವಳ ಕೆನ್ನೆಯ ಮೇಲೆ ಬರ್ಚ್ ತೊಗಟೆಯ ಅಚ್ಚು ಒಡವೆಯಂತೆ ಒಡಮೂಡಿತ್ತು.

"ನಂಗೂ ಮೊದ್ಲು ಎಬ್ಬಿಸೋಣ ಅನ್ನಿಸ್ತು" ಎಂದು ಟೆಕ್ಲಾ ಮುಂದುವರಿಸಿದಳು. "ಅಷ್ಟರಲ್ಲಿ ಆಚೆ ಕಡೆ ಪೊದೆ ಅಲ್ಲಾಡ್ತು. ಇವಳು ಗರ್ ಅಂದ್ರೆ ಅಲ್ಲಿಂದ 'ಓಹ್' ಅಂತ ಉತ್ತರ. ಇವಳು ಇನ್ನೊಂದು ಸಲ ಗರ್. ಅದು ಇನ್ನೂ ಹತ್ರ ಬಂದು ಓಹ್. ಯಾವ್ದೋ ಹೆಣ್ಣು ಕರೀತಿದೆ ಅನ್ಕೊಂಡಿತು ಪಾಪ, ಮೂಗು ಮೇಲೆತ್ಕೊಂಡು ಮದುವೆಗಂಡಿನ ಥರ ಬಂತು. ಎಂಥಾ ಪ್ರೀತಿ! ಎಬ್ಬಿಸಿದ್ರೆ ಪಾಪ ಬರ್ತಿತ್ತು."

ಹಾಲ್ವರ್ ನೆಲಕ್ಕೆ ಕುಳಿತು ನಕ್ಕ. ನಕ್ಕು ಮುಗಿದ ಮೇಲೆ ಮೀಸೆ ಒರೆಸಿಕೊಂಡು ಎದ್ದ.

"ಆದ್ರೂ ಸಿಕ್ಸ್ಟೆನ್, ನಿಯಮ ನಿಯಮಾನೇ. ಹೊಂಚಿನಲ್ಲಿ ನಿದ್ದೆ ಕಂಡ್ರೆ ಅಂತ ಇರೋದು. ಯಾರ ನಿದ್ದೆ ಅಂತ ಇಲ್ಲ. ನಿದ್ದೆ ಕಂಡಿದೆ. ಕಾಣೋದೇನು, ಕೇಳ್ಸಿದೆ."

ಸಿಕ್ಸ್ಟೆನ್ ಎಲ್ಕಿನ ಕಡೆ ಹೆಜ್ಜೆ ಹಾಕಿದ. ನಿಯಮ ಬರೆದವನು ಅವನೇ. "ಪಾಲು ಹಾಕೋ ದಿನ ಹೇಳ್ತೀನಿ" ಎಂದ.

ಎಲ್ಕಿನ ಮಾಂಸ ಹದಕ್ಕೆ ಬರಲು ಕೆಲವು ದಿನ ತಂಪಿನಲ್ಲಿ ತೂಗಬೇಕು. ಹಾಗೆ ತೂಗುತ್ತ ಕೊಟ್ಟಿಗೆಯಲ್ಲಿ ಸುಮಾರು ಒಂದು ವಾರ ಕಳೆಯಿತು. ತೀರ್ಪೂ ಅದರ ಪಕ್ಕದಲ್ಲೇ ತೂಗಿತು. ಊರಿನಲ್ಲಿ ಎರಡು ಪಂಗಡವಾಯಿತು. ಅಂಗಡಿಯ ಮುಂದೆ ಇಲ್ವಾಳ ಗೊರಕೆಯನ್ನು ಅನುಕರಿಸುವವರು ಹುಟ್ಟಿಕೊಂಡರು. ಟೆಕ್ಲಾ ಮಾತ್ರ ಮನೆಯಿಂದ ಹೊರಬರಲಿಲ್ಲ. ಹೊಸ ಡಬ್ಬಿ ತಂದುಕೊಡುತ್ತೇನೆಂದು ಇಲ್ವಾ ಫೋನು ಮಾಡಿದರೆ, "ಬೇಡ. ಡಬ್ಬಿ ಹೋಯ್ತು, ಜಾಗ ಹೋಗುತ್ತೆ, ಇನ್ನು ಚಟ ಯಾಕೆ" ಎಂದಳು. ಇಲ್ವಾಳಿಗೆ ಆ ವಾರ ಬೇಕರಿಯಲ್ಲಿ ಒಂದು ಬನ್ನೂ ಸರಿಯಾಗಿ ಉಬ್ಬಲಿಲ್ಲ.

ಪಾಲು ಹಾಕಿದ್ದು ಸೆಪ್ಟೆಂಬರ್ 23, ಶುಕ್ರವಾರ. ಟೆಕ್ಲಾಳಿಗೆ ಅಂದು ಎಂಬತ್ತಾರು ತುಂಬಿತು. ಇಲ್ವಾ ಮೂರಂತಸ್ತಿನ ಕೇಕ್ ತಂದಿದ್ದಳು. ಗುರಿ ತಪ್ಪಿದವರು ತಂಡಕ್ಕೆ ಕೇಕ್ ಕೊಡುವುದು ಪದ್ಧತಿ, ನಿದ್ದೆಹೋದವರಿಗೆ ಅದಕ್ಕಿಂತ ದೊಡ್ಡದೇ ಆಗಬೇಕೆಂದು ಅವಳೇ ತೀರ್ಮಾನಿಸಿದ್ದಳು. ಕೊಟ್ಟಿಗೆಯ ಹಲಗೆಯ ಮೇಲೆ ಮಾಂಸದ ಗುಡ್ಡೆಗಳು ಸಾಲಾಗಿ, ಸಮವಾಗಿ ಕುಳಿತಿದ್ದವು. ಒಬ್ಬರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು, ಮುಖಂಡ ಒಂದು ಗುಡ್ಡೆಗೆ ಕೋಲು ತೋರಿಸಿ "ಇದು ಯಾರಿಗೆ?" ಎನ್ನಬೇಕು; ಗೋಡೆಯ ಕಡೆ ನಿಂತವರು ಬಾಯಿಗೆ ಬಂದ ಹೆಸರು ಹೇಳಬೇಕು. ಆ ಮಾತಿಗೆ ಎದುರಾಡುವಂತಿಲ್ಲ. ಅಣ್ಣತಮ್ಮಂದಿರ ಜಗಳವೂ ಆ ಕೊಟ್ಟಿಗೆಯಲ್ಲಿ ಹಾಗೆಯೇ ತೀರಿದ್ದುಂಟು.

ಸಿಕ್ಸ್ಟೆನ್ ಏಳನೇ ಹೊಂಚಿನ ಗುರುತಾದ ಮರದ ಬಿಲ್ಲೆಯನ್ನು ಹಿಡಿದು ನಿಂತ.

"ನಿದ್ದೆ ಆಗಿದ್ದು ಹೌದು. ನಿದ್ದೆ ಮಾಡಿದ್ದು ಚಿಕ್ಕಮ್ಮ ಅಲ್ಲ, ಅದೂ ಹೌದು. ನಾನು ಯಾರ ಕಡೇನೂ ಹೇಳಲ್ಲ. ಹಾಲ್ವರ್, ಈ ಬಿಲ್ಲೇನ ನಿಂಗಿಷ್ಟ ಬಂದ ಗುಡ್ಡೆ ಮೇಲೆ ಇಡು. ಆ ಗುಡ್ಡೆ ಯಾರಿಗೆ ಬರುತ್ತೋ ಹೊಂಚೂ ಅವರಿಗೆ. ಹೆಸರು ಹೇಳೋದು ನಿದ್ದೆ ಮಾಡಿದವಳು. ಇಲ್ವಾ, ತಿರುಗು."

ಇಲ್ವಾ ಗೋಡೆಯ ಕಡೆ ತಿರುಗಿದಳು. ಹಲಗೆಯ ಗಂಟುಗಳು ಕಣ್ಣಮುಂದೆ ಕುಣಿದವು. ಬೆನ್ನ ಹಿಂದೆ ಬಿಲ್ಲೆ ಇಟ್ಟ ಸದ್ದೂ ಕೇಳಲಿಲ್ಲ. ತನ್ನ ನಿದ್ದೆಯಿಂದ ಕೈಬಿಟ್ಟದ್ದನ್ನು ಈಗ ತನ್ನ ಬಾಯಿಯೇ ಬೇರೆಯವರಿಗೆ ಹಂಚಬೇಕು.

"ಇದು ಯಾರಿಗೆ?"

ಅವಳು ಒಂದು ಹೆಸರು ಹೇಳಿದಳು. ಯಾರೂ ಸದ್ದು ಮಾಡಲಿಲ್ಲ, ಅಂದರೆ ಬಿಲ್ಲೆ ಅಲ್ಲಿಲ್ಲ.

"ಇದು ಯಾರಿಗೆ?"

"ಸಿಕ್ಸ್ಟೆನ್‌ಗೆ." ಅಲ್ಲೂ ಬಿಲ್ಲೆ ಇಲ್ಲ. ಮುಂದಿನದಕ್ಕೆ ಅವಳ ನಾಲಿಗೆಯ ಮೇಲೆ ಹಾಲ್ವರ್ ಎಂಬ ಹೆಸರು ಬಂದು ಕುಳಿತಿತ್ತು. ಬೇಗ ಮುಗಿಸಿಬಿಡೋಣ ಎಂದುಕೊಂಡಿದ್ದಳು.

"ಇದು ಯಾರಿಗೆ?"

ಟಿಣ್ ಟಿಣ್.

ಹಿತ್ತಾಳೆಯ ಮುಚ್ಚಳಕ್ಕೆ ಉಗುರು ತಗುಲಿದ ಸದ್ದು. ಇಲ್ವಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಬುದ್ಧಿಗಿಂತ ಮೊದಲೇ ಬಾಯಿ ತೆರೆಯಿತು.

"ಅಜ್ಜಿಗೆ!"

ಕೊಟ್ಟಿಗೆಯ ಚಾವಣಿ ಹಾರಿಹೋಗುವಂಥ ಕೂಗೆದ್ದಿತು. ಇಲ್ವಾ ತಿರುಗಿ ನೋಡಿದರೆ ಬಿಲ್ಲೆ ಆ ಗುಡ್ಡೆಯ ಮೇಲೆಯೇ ಇತ್ತು. ಹಾಲ್ವರ್ ಟೋಪಿಯನ್ನು ನೆಲಕ್ಕೆ ಬಡಿದ.

"ಮೋಸ! ಡಬ್ಬಿ ತಟ್ಟಿದ್ಳು ಮುದುಕಿ! ಎಲ್ಲರಿಗೂ ಕೇಳ್ಸಿದೆ!"

"ಯಾವ ಡಬ್ಬಿನೋ?" ಎಂದಳು ಟೆಕ್ಲಾ. ಅವಳು ಎದ್ದು ನಿಂತು ಒಂದೊಂದಾಗಿ ಜೇಬುಗಳನ್ನು ಹೊರಚಾಚಿದಳು: ಒಂದು ಕರವಸ್ತ್ರ, ಅರ್ಧ ಸಕ್ಕರೆ ಅಚ್ಚು, ಒಂದು ಸ್ಪ್ರೂಸ್ ಕಾಯಿ. "ನನ್ನ ಡಬ್ಬಿ ಜೌಗಿನಲ್ಲಿದೆ. ಕಪ್ಪೆಗಳು ಹೊಗೆಸೊಪ್ಪು ತಿಂತಿರಬಹುದು. ಬೇಕಾದ್ರೆ ಹೋಗಿ ಕೇಳು."

ಅದು ನಿಜ. ಡಬ್ಬಿ ಮುಳುಗಿದ್ದನ್ನು ಇಲ್ವಾ ಕಣ್ಣಾರೆ ಕಂಡಿದ್ದಳು. ಹಾಗಾದರೆ ತಟ್ಟಿದವರು ಯಾರು? ಅವಳು ಸಿಕ್ಸ್ಟೆನ್‌ನ ಕಡೆ ನೋಡಿದಳು. ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ತೀರ್ಪುಗಾರನ ಗಾಂಭೀರ್ಯದಿಂದ ನಿಂತಿದ್ದ. ಅವನ ತೊಡೆಯುದ್ದದ ಬೂಟುಗಳಿಗೆ ಮೇಲಿನವರೆಗೂ ಜೌಗಿನ ಕಪ್ಪು ಕೆಸರು ಒಣಗಿ ಅಂಟಿತ್ತು. ಆ ವಾರ ಬೇಟೆಯೇ ಇರಲಿಲ್ಲ.

"ಹೇಳಿದ್ದು ಹೇಳಿಯಾಯ್ತು, ಎದುರಾಡಂಗಿಲ್ಲ" ಎಂದ ಸಿಕ್ಸ್ಟೆನ್. "ಮುಂದಿನ ಗುಡ್ಡೆ. ಬೇಗ ಆಗ್ಲಿ, ಕಾಫಿ ಆರ್ತಾ ಇದೆ."

ಈಡು ಹೊಡೆದವರಿಗೆ ಎಲ್ಕಿನ ನಾಲಿಗೆ ಸಲ್ಲುತ್ತದೆ. ಟೆಕ್ಲಾ ಅದನ್ನು ಕಾಗದದಲ್ಲಿ ಸುತ್ತಿ ಹಾಲ್ವರನ ಕೈಗಿಟ್ಟಳು.

"ತಗೋ. ಬೇಯ್ಸಿ ತಿನ್ನು. ನಿನ್ನದು ಸ್ವಲ್ಪ ಮೆತ್ತಗಾಗ್ಲಿ."

ಹಾಲ್ವರ್ ಮುಖ ಸಿಂಡರಿಸಿದ, ಮೂಸಿದ, ನಕ್ಕುಬಿಟ್ಟ. ಕೇಕಿನ ಎರಡು ತುಂಡು ಹೆಚ್ಚಿಗೆ ತಿಂದವನೂ ಅವನೇ.

ಮನೆಗೆ ಮರಳುವಾಗ ಕಾರಿನಲ್ಲಿ ಟೆಕ್ಲಾ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಆಮೇಲೆ ಅವಳ ಭುಜ ಕುಲುಕತೊಡಗಿತು.

"ಸಿಕ್ಸ್ಟೆನ್ ಚಿಕ್ಕೋನಿದ್ದಾಗ ಸುಳ್ಳು ಹೇಳಿದ್ರೆ ಕಿವಿ ಕೆಂಪಗಾಗ್ತಿತ್ತು. ಇವತ್ತು ಕಿವಿ ನೋಡಿದ್ಯಾ?"

"ನೋಡ್ದೆ ಅಜ್ಜಿ."

"ಲಾಂದ್ರ. ಎರಡು ಲಾಂದ್ರ."

ಇಲ್ವಾ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು; ನಗುತ್ತ ಓಡಿಸುವುದು ಅಪಾಯ.

ಮಾರನೆಯ ದಿನ, ಸೆಪ್ಟೆಂಬರ್ 24ರ ಬೆಳಿಗ್ಗೆ, ಟೆಕ್ಲಾಳ ಮನೆಯ ಮೆಟ್ಟಿಲ ಮೇಲೆ ಹಿತ್ತಾಳೆಯ ಡಬ್ಬಿ ಇತ್ತು. ಉಜ್ಜಿ ತೊಳೆದಿತ್ತು, ಒಳಗೆ ಹೊಸ ಹೊಗೆಸೊಪ್ಪು ತುಂಬಿತ್ತು. ಸಿಕ್ಸ್ಟೆನ್ ಅದರ ಬಗ್ಗೆ ಎಂದೂ ಮಾತಾಡಲಿಲ್ಲ, ಅವಳೂ ಕೇಳಲಿಲ್ಲ.

ಇಲ್ವಾ 2006ರ ಮೇ 20ರಂದು ಬೇಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಟೆಕ್ಲಾ ಏಳನೇ ಹೊಂಚಿನಲ್ಲಿ 2010ರ ಋತುವಿನವರೆಗೆ ಕುಳಿತಳು. ಇನ್ನೂ ಎರಡು ಎಲ್ಕ್ ಹೊಡೆದಳು, ನಿದ್ದೆ ಮಾಡಲಿಲ್ಲ. 2011ರ ಮಾರ್ಚ್ 3, ಗುರುವಾರ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅಡುಗೆಮನೆಯ ಬೆಂಚಿನ ಮೇಲೆ ತೀರಿಕೊಂಡಳು. ಆ ವರ್ಷ ಏಳರ ಬಿಲ್ಲೆಯನ್ನು ಮತ್ತೆ ಗುಡ್ಡೆಯ ಮೇಲಿಟ್ಟರು. ಗೋಡೆಯ ಕಡೆ ನಿಂತವನು ಹಾಲ್ವರ್, ಅವನ ಬಾಯಿಂದ ಬಂದ ಹೆಸರು ಇಲ್ವಾಳದು. ಆಗಲೂ ಒಂದು ಡಬ್ಬಿಯ ಸದ್ದು ಕೇಳಿಸಿತೆಂದು ಕೆಲವರು ಹೇಳುತ್ತಾರೆ. ಈಗ ಆ ಹೊಂಚು ಅವಳದೇ. ವಾಕಿಟಾಕಿಯನ್ನು ಮಾತ್ರ ತಂಡ ಅವಳ ಕೈಗೆ ಕೊಡುವುದಿಲ್ಲ. ಅದನ್ನು ಮರದ ಕೊಂಬೆಗೆ, ಅವಳಿಗೆ ಎಟುಕದ ಎತ್ತರದಲ್ಲಿ, ತೂಗುಹಾಕುತ್ತಾರೆ.